ಇಪ್ಪತ್ಮೂರನೇ ತಾರೀಖಿನ ಚುಕ್ಕಿ

"ಈ ಕೆಂಪು ಕಲೆ ಗುರುಗ್ರಹದ್ದೋ, ನಿನ್ನ ಬೆರಳಿಂದೋ?" ಎಂದು ಮುನಕಾತಾ ಮೇಷ್ಟ್ರು ನಕ್ಷೆಯನ್ನು ಎರಡೂ ಕೈಯಲ್ಲಿ ಎತ್ತಿ, ಕಿಟಕಿಯ ಬೆಳಕಿಗೆ ಒಡ್ಡಿ ಕೇಳಿದರು. ಚಾಪೆಯ ಮೇಲೆ ಮಂಡಿ ಮಡಚಿ ಕೂತಿದ್ದ ಹದಿನೇಳು ಜನ ನಕ್ಕರು. ನಗದಿದ್ದವನು ಒಯಿಕಾವಾ ಇಸಾಮು ಒಬ್ಬನೇ; ನಕ್ಷೆ ಅವನದು, ಬೆರಳೂ ಅವನದು. ಇತಾಬಾಶಿಯ ಮಸೂರದ ಕಾರ್ಖಾನೆಯಲ್ಲಿ ಆರು ವರ್ಷದಿಂದ ಗಾಜು ಉಜ್ಜಿ ಉಜ್ಜಿ ಪಾಲಿಶಿನ ಕೆಂಪು ಪುಡಿ ಅವನ ಉಗುರಿನ ಸಂದಿಯಲ್ಲಿ ಬಾಡಿಗೆ ಇಲ್ಲದೆ ಸಂಸಾರ ಹೂಡಿತ್ತು. ನಕ್ಷೆ ಬರೆಯಲು ಕೂರುವ ಮೊದಲು ಎರಡು ಸಲ ಸೋಪು ಹಾಕಿ ಕೈ ತೊಳೆದಿದ್ದ, ಅಂಗೈ ಕೆಳಗೆ ಬೇರೆ ಕಾಗದ ಇಟ್ಟುಕೊಂಡಿದ್ದ. ಆದರೂ ಬಲಮೂಲೆಯಲ್ಲೊಂದು ಹೆಬ್ಬೆಟ್ಟು ಬಿದ್ದಿತ್ತು. ಹೆಬ್ಬೆಟ್ಟು, ಇನ್ನೇನು! ಓದದವನು ಒತ್ತುವುದೇ ಅದನ್ನಲ್ಲವೇ ಎಂದು ಅವನಿಗೇ ಅನ್ನಿಸಿ ಮೈ ಉರಿಯಿತು. ಮೇಷ್ಟ್ರಿಗೆ ಅಷ್ಟು ನಗು ಸಾಲಲಿಲ್ಲ. ನಕ್ಷೆಯನ್ನು ಕೆಳಗಿಟ್ಟು, ಕನ್ನಡಕ ತೆಗೆದು ಒರೆಸುತ್ತ, ತುಂಬ ಮೆತ್ತಗೆ, ಮಗುವಿಗೆ ಮದ್ದು ಕುಡಿಸುವವರ ಹಾಗೆ ಹೇಳಿದರು: "ಒಳ್ಳೇ ಕೈ ಕಣಯ್ಯ ನಿಂದು. ಉಜ್ಜೋದಕ್ಕೆ ಕೈ ಸಾಕು. ನೋಡೋದಕ್ಕೆ ಮಾತ್ರ ನಾಲ್ಕಕ್ಷರ ಓದಿರಬೇಕು."

ಈ ಸಲದ ನಗುವಿನಲ್ಲಿ ಸ್ವಲ್ಪ ಮುಜುಗರ ಬೆರೆತಿತ್ತು. ಯಾರೋ ಕೆಮ್ಮಿದರು. ಪಾಲಿಕೆ ಭವನದ ಆ ಮಹಡಿ ಕೋಣೆಯ ಹೊರಗೆ ಜೂನ್ ತಿಂಗಳ ಮಳೆ, ನಿಲ್ಲುವುದೂ ಇಲ್ಲ, ಜೋರಾಗಿ ಹೊಡೆದು ಮುಗಿಸುವುದೂ ಇಲ್ಲ, ಹಲ್ಲುನೋವಿನ ಹಾಗೆ ಹಿಡಿದುಕೊಂಡಿತ್ತು. ಇಸಾಮು ಬಲಗಾಲಿನ ಹೆಬ್ಬೆರಳನ್ನು ಎಡಗಾಲಿನ ಅಡಿಗೆ ಇನ್ನೊಂದಿಷ್ಟು ತಳ್ಳಿದ. ಕಾಲುಚೀಲ ಅಲ್ಲಿ ತೂತಾಗಿತ್ತು. ಬಾಗಿಲಲ್ಲಿ ಶೂ ಕಳಚುವಾಗಲೇ ಗೊತ್ತಾಗಿದ್ದು, ಆಗಿನಿಂದ ಅವನ ಅರ್ಧ ಬುದ್ಧಿ ಆ ತೂತಿನ ಕಾವಲಿಗೇ ನಿಂತಿತ್ತು. ರಾತ್ರಿಗಟ್ಟಲೆ ಕಣ್ಣಲ್ಲಿ ಕಣ್ಣಿಟ್ಟು ಹಿಡಿದ ಒಂದು ನಿಜವನ್ನು ಎದುರಿಗೆ ಚಿಂದಿ ಮಾಡುತ್ತಿದ್ದಾರೆ, ಇವನು ಕಾಲುಚೀಲ ಮುಚ್ಚಿಕೊಳ್ಳುತ್ತಿದ್ದಾನೆ. ಥೂ ಎಂದುಕೊಂಡ. ಯಾರಿಗೆ ಎಂದು ಗೊತ್ತಾಗಲಿಲ್ಲ.

ಅವನು ನೋಡಿದ್ದು ಇಷ್ಟೇ. ಗುರುಗ್ರಹದ ನಡುವಿಗೆ ಸುತ್ತಿದ ಬಿಳಿ ಪಟ್ಟಿಯ ಉತ್ತರಕ್ಕೆ ಒಂದು ಕಂದು ಪಟ್ಟೆ. ಆ ಪಟ್ಟೆಯ ಅಂಚಿನಲ್ಲಿ ಗರಗಸದ ಹಲ್ಲಿನ ಹಾಗೆ, ಹೆಚ್ಚುಕಡಿಮೆ ಸಮದೂರದಲ್ಲಿ, ನೀಲಿಗಪ್ಪು ಡುಬ್ಬಗಳ ಸಾಲು. ಅಲ್ಲಿ ಬೀಸುವ ಗಾಳಿಯ ಮುಂದೆ ನಮ್ಮ ಸೆಪ್ಟೆಂಬರಿನ ಚಂಡಮಾರುತ ಬೀಸಣಿಗೆಗೆ ಸಮ. ಡುಬ್ಬಗಳೆಲ್ಲ ಆ ಗಾಳಿ ಹೊತ್ತುಕೊಂಡು ಹೋಗುವ ಮೋಡದ ಮುದ್ದೆಗಳು, ಡುಬ್ಬದ ವೇಗ ಅಳೆದರೆ ಗಾಳಿಯ ವೇಗ ಅಳೆದಂತೆಯೇ ಎಂದು ಮೇಷ್ಟ್ರು ಮೂವತ್ತೊಂದು ವರ್ಷದಿಂದ ಗ್ರಹ ನೋಡುವ ಈ ಹವ್ಯಾಸಿಗಳ ಕೂಟದ ವರದಿಯಲ್ಲಿ ಬರೆಯುತ್ತ ಬಂದಿದ್ದರು. ಏಪ್ರಿಲಿನಲ್ಲಿ ಇಸಾಮು ಒಂದು ಬಿಳಿ ಕಾಳು ಕಂಡ. ಅಕ್ಕಿ ನುಚ್ಚಿನಷ್ಟು. ಅದು ಒಂದು ಡುಬ್ಬದ ಹಿಂದಿನಿಂದ ಬಂತು, ಡುಬ್ಬದೊಳಕ್ಕೆ ಹೊಕ್ಕಿತು, ಆಚೆ ಬದಿಯಿಂದ ಹೊರಬಿದ್ದು ಮುಂದೆ ಹೋಯಿತು. ಡುಬ್ಬ ಇದ್ದಲ್ಲೇ ಇತ್ತು. ಅಂದರೆ ಡುಬ್ಬ ಮುದ್ದೆಯಲ್ಲ, ಅಲೆ. ಗಾಳಿ ಅದರ ಮೈಯೊಳಗಿಂದಲೇ ತೂರಿ ಅದನ್ನು ಹಿಂದೆ ಹಾಕಿ ಓಡುತ್ತದೆ. ಮೇಷ್ಟ್ರು ಮೂವತ್ತೊಂದು ವರ್ಷ ಅಳೆದದ್ದು ಗಾಳಿಯನ್ನಲ್ಲ. ಇದನ್ನು ಇವತ್ತು ಒಪ್ಪಿದರೆ ಈ ವರ್ಷದ ವರದಿಯಲ್ಲಿ ಅಚ್ಚಾಗುತ್ತದೆ, ಪರದೇಶದ ವೀಕ್ಷಣಾಲಯಗಳಿಗೂ ಹೋಗುತ್ತದೆ. ಒಪ್ಪದಿದ್ದರೆ ಮುಗಿಯಿತು. ಕಾಳು ಕರಗಿ ಎರಡು ತಿಂಗಳಾಯಿತು, ಗ್ರಹ ಸಂಜೆಗೇ ಪಶ್ಚಿಮಕ್ಕೆ ವಾಲುತ್ತಿದೆ, ಇನ್ನೊಂದು ಕಾಳು ಯಾವ ಜನ್ಮಕ್ಕೋ.

ಈ ಅಲೆಯ ವಿಷಯ ಅವನಿಗೆ ಹೊಳೆದದ್ದು ದುರ್ಬೀನಿನ ಮುಂದೆ ಅಲ್ಲ, ಇಕೆಬುಕುರೊ ನಿಲ್ದಾಣದ ಮೆಟ್ಟಿಲ ಬುಡದಲ್ಲಿ. ಬೆಳಿಗ್ಗೆ ಏಳೂವರೆಗೆ ಅಲ್ಲಿ ಜನ ಗಂಟು ಬೀಳುತ್ತಾರೆ. ಎರಡು ರೈಲಿನವರು ಒಂದೇ ಮೆಟ್ಟಿಲಿಗೆ ನುಗ್ಗುವ ಜಾಗ. ಮಸೂರದ ಪೆಟ್ಟಿಗೆ ತಲುಪಿಸಲು ಹೋದವನು ರಸೀದಿಗಾಗಿ ಮೇಲೆ ಕಟಕಟೆ ಹಿಡಿದು ಕಾಯುತ್ತ ನೋಡಿದ್ದ: ಕಪ್ಪು ಕೋಟುಗಳ ಆ ಗಂಟು ಒಂದು ಗಂಟೆಯಾದರೂ ಅಲ್ಲಿಂದ ಅಲುಗಲಿಲ್ಲ, ಆದರೆ ಅದರಲ್ಲಿದ್ದವರು ಯಾರೂ ಅರ್ಧ ನಿಮಿಷಕ್ಕಿಂತ ಹೆಚ್ಚು ಅಲ್ಲಿರಲಿಲ್ಲ. ಕೆಂಪು ಟೋಪಿಯ ಒಂದು ಹೆಂಗಸು ಹಿಂದಿನಿಂದ ಹೊಕ್ಕು, ನಡುವೆ ಮೆಲ್ಲಗಾಗಿ, ಮುಂದಿನಿಂದ ಹೊರಬಿದ್ದಳು. ಗಂಟು ಅದೇ, ಜನ ಬೇರೆ. ಇದನ್ನು ತಿಳಿಯಲು ಯಾವ ಕಾಲೇಜು ಬೇಕು? ಇವತ್ತು ಇದನ್ನೇ ಹೇಳಬೇಕೆಂದು ರೈಲಿನಲ್ಲಿ ಬರುತ್ತ ಬಾಯಿಪಾಠ ಮಾಡಿಕೊಂಡಿದ್ದ. ಎದ್ದು ನಿಂತಾಗ ಬಾಯಿಂದ ಬಂದದ್ದು ಇವಾತೆ ಕರಾವಳಿಯ ಊರಮಾತು, ಗಂಟಲಿನಲ್ಲೇ ಅರ್ಧ ಉಳಿಯುವ ಮಾತು. ಕೆಂಪು ಟೋಪಿ ಎಂದದ್ದೇ ಯಾರೋ ಹಿಂದೆ ಕಿಸಕ್ಕೆಂದರು. ಅಲ್ಲಿಗೆ ಕೂತುಬಿಟ್ಟ. ಹದಿನೈದಕ್ಕೆ ಮಿಡ್ಲ್ ಸ್ಕೂಲು ಮುಗಿಸಿದ ಹುಡುಗರನ್ನೆಲ್ಲ ಒಂದು ರೈಲಿಗೆ ತುಂಬಿ ಟೋಕಿಯೋಗೆ ಕಳಿಸಿದಾಗ ಊರ ಮಾಸ್ತರರು ಪ್ಲಾಟ್‌ಫಾರ್ಮಿನಲ್ಲಿ ಬ್ಯಾಂಡು ಬಾರಿಸಿದ್ದರು. ನೀವೆಲ್ಲ ಚಿನ್ನದ ಮೊಟ್ಟೆಗಳು ಅಂದಿದ್ದರು. ಮೊಟ್ಟೆ ಮಾತಾಡಬಾರದು ಎಂದು ಮಾತ್ರ ಹೇಳಿರಲಿಲ್ಲ.

ಮೇಷ್ಟ್ರು ಈಗ ಸಭೆಗೆ ವಿವರಿಸುತ್ತಿದ್ದರು. ಎರಡು ಮೋಡ ಒಂದರೊಳಗೊಂದು ನುಗ್ಗಿ ಹಾಗೇ ಹೊರಬರುವುದುಂಟೇ? ಈ ಕಡೆ ಕಂಡದ್ದು ಒಂದು ಕಾಳು, ಆ ಕಡೆ ಕಂಡದ್ದು ಇನ್ನೊಂದು. ನಡುವೆ ಇವನು ಗೆರೆ ಎಳೆದಿದ್ದಾನೆ. ಪಕ್ಕದ ಮನೆ ಮಗುವನ್ನು ತನ್ನದೇ ಎಂದು ಕಂಕುಳಲ್ಲಿ ಎತ್ತಿಕೊಂಡು ಬಂದವನ ಹಾಗೆ. ಹೊಸಬರು ಮಾಡುವ ತಪ್ಪೇ ಇದು, ನಾನೂ ಒಂದು ಕಾಲಕ್ಕೆ ಮಾಡಿದ್ದೇನೆ ಎಂದು ದೊಡ್ಡತನವನ್ನೂ ಸೇರಿಸಿದರು. ಆ ದೊಡ್ಡತನಕ್ಕೆ ಇಸಾಮುವಿನ ಹಲ್ಲು ಕಟಕಟ ಅಂದಿತು. ಬೈದರೆ ಬೈಯಬೇಕು, ಬೈದು ಬೆನ್ನು ಸವರುವ ಈ ಚಾಳಿ ಯಾಕೆ? ಮೇಷ್ಟ್ರು ಬೆರಳು ಊರಿದ್ದು ಸರಿಯಾಗಿ ಡುಬ್ಬದ ಒಳಗೆ ಬಿದ್ದ ಆ ಒಂಟಿ ಚುಕ್ಕಿಯ ಮೇಲೆ. ಏಪ್ರಿಲ್ ಇಪ್ಪತ್ಮೂರು, ರಾತ್ರಿ ಹತ್ತು ಗಂಟೆ ನಲವತ್ಮೂರು ನಿಮಿಷ. "ಇದೊಂದು ಇಲ್ಲದಿದ್ರೆ ಇವನ ಕಥೆ ನಿಲ್ಲೋದೇ ಇಲ್ಲ. ಅಷ್ಟು ಮಬ್ಬಿನೊಳಗೆ, ಹತ್ತಿಂಚಿನ ಕನ್ನಡಿ ದುರ್ಬೀನಲ್ಲಿ ಇದು ಕಾಣ್ತಂತೆ. ನನಗೆ ಹನ್ನೆರಡರಲ್ಲೂ ಕಂಡಿಲ್ಲ."

ಆ ಚುಕ್ಕಿಯನ್ನು ಇಸಾಮು ನೋಡಿರಲಿಲ್ಲ.

ನಕ್ಷೆಯ ಆರು ಚುಕ್ಕಿಗಳಲ್ಲಿ ಉಳಿದ ಐದೂ ನೋಡಿದ್ದವೇ. ಕಾರ್ಖಾನೆಯ ವಸತಿಯ ಮಾಡಿನ ಮೇಲೆ ಬಟ್ಟೆ ಒಣಗಿಸುವ ಅಟ್ಟಣಿಗೆಯಲ್ಲಿ, ಎಂಟು ತಿಂಗಳ ಭಾನುವಾರಗಳನ್ನು ಸವೆಸಿ ತಾನೇ ಉಜ್ಜಿದ ಕನ್ನಡಿಯಲ್ಲಿ ನೋಡಿದ್ದು. ಗ್ರಹ ತಿರುಗುತ್ತ ಒಂದೊಂದು ಗುರುತೂ ಬಿಂಬದ ನಡುಗೆರೆ ದಾಟುವ ಹೊತ್ತನ್ನು ಗಡಿಯಾರ ನೋಡಿ ಪುಸ್ತಕಕ್ಕೆ ಏರಿಸಬೇಕು, ಕೂಟದ ಕೆಲಸವೆಲ್ಲ ಅಷ್ಟೇ. ಅದೇ ಮುಖ ಸರಿಯಾದ ಹೊತ್ತಿಗೆ ತಿರುಗಿ ಎದುರಾಗುವುದು ಎರಡು ದಿನಕ್ಕೊಮ್ಮೆ. ಹದಿನೇಳಕ್ಕೆ ಏಳು ನಲವತ್ತು. ಹತ್ತೊಂಬತ್ತಕ್ಕೆ ಎಂಟು ನಲವತ್ತೊಂದು. ಇಪ್ಪತ್ತೊಂದಕ್ಕೆ ಒಂಬತ್ತು ನಲವತ್ತೆರಡು, ಅವತ್ತು ಕಾಳು ಡುಬ್ಬದ ಬೆನ್ನಿಗೆ ತಾಗಿ ನಿಂತಿತ್ತು. ಇಪ್ಪತ್ಮೂರಕ್ಕೆ ಮೋಡ. ಮೇಸ್ತ್ರಿ ಅವತ್ತು ಅವನ ನಲವತ್ತು ಮಸೂರದಲ್ಲಿ ಗೀರಿದೆಯೆಂದು ವಾಪಸು ಹಾಕಿ ಎರಡನೇ ಪಾಳಿಯನ್ನೂ ಮಾಡಿಸಿದ್ದ. ಒಂಬತ್ತರಿಂದ ಅಟ್ಟಣಿಗೆಯಲ್ಲಿ ಕುಕ್ಕರಗಾಲಲ್ಲಿ ಕೂತು ಮೋಡಕ್ಕೆ ಬಾಯಿಗೆ ಬಂದಂತೆ ಬೈದ. ಹತ್ತಕ್ಕೆ ಇಳಿದು ಹೋಗಿ ಮಲಗಿದ. ಆಚೆ ಕೋಣೆಯವರು ಮಾಜಾಂಗ್ ಆಟದ ಬಿಲ್ಲೆ ಕಲಸುವ ಸದ್ದು ಕೇಳುತ್ತ ಮಲಗಿದ. ಹತ್ತೂ ನಲವತ್ಮೂರಕ್ಕೆ ಮೋಡ ಸರಿದಿತ್ತೋ ಇಲ್ಲವೋ, ಅವನಿಗೆ ಇವತ್ತಿಗೂ ಗೊತ್ತಿಲ್ಲ. ನಲವತ್ತು ನಿಮಿಷ ಕಾಯಲಾಗಲಿಲ್ಲ, ಅಷ್ಟೇ. ಇಪ್ಪತ್ತೈದಕ್ಕೆ ಕಾಳು ಡುಬ್ಬದ ಆಚೆ ಅಂಚಿನಲ್ಲಿ, ಹನ್ನೊಂದು ನಲವತ್ನಾಲ್ಕಕ್ಕೆ ಸಿಕ್ಕಿತು. ಒಂದು ಗಂಟೆ ಒಂದು ನಿಮಿಷ, ಒಂದು ಗಂಟೆ ಒಂದು ನಿಮಿಷ. ಇಪ್ಪತ್ತಾರರ ಬೆಳಿಗ್ಗೆ ಕಾರ್ಖಾನೆಯ ಬೆಂಚಿನ ಮೇಲೆ, ಊಟದ ಡಬ್ಬಿಯನ್ನು ಅಡ್ಡ ಇಟ್ಟುಕೊಂಡು, ಖಾಲಿ ಸಾಲಿನಲ್ಲಿ ಪೆನ್ಸಿಲಿನಿಂದ ಬರೆದ. ಹತ್ತು ನಲವತ್ಮೂರು. ಆ ಹೊತ್ತಿಗೆ ಅದು ಅಲ್ಲಿ ಇರಲೇಬೇಕಿತ್ತಲ್ಲ. ಇನ್ನೆಲ್ಲಿಗೆ ಹೋಗಿರುತ್ತಿತ್ತು, ಸ್ನಾನಕ್ಕೆ ಹೋಗಿತ್ತೇ? ಬರೆಯುವಾಗ ಸುಳ್ಳು ಬರೆಯುತ್ತಿದ್ದೇನೆಂದು ಅನ್ನಿಸಲಿಲ್ಲ. ಕಳೆದುಹೋದ ತನ್ನದೇ ಸಾಮಾನು ಎತ್ತಿಟ್ಟುಕೊಂಡ ಹಾಗಿತ್ತು. ಆಮೇಲೆ ಕಣ್ಣೆತ್ತಿದರೆ ಎದುರು ಬೆಂಚಿನ ಹುಡುಗಿ ಸುಮ್ಮನೆ ನೋಡುತ್ತಿದ್ದಳು. ಅವಳಿಗೆ ಗುರುಗ್ರಹವೂ ಒಂದೇ, ಮೂಲಂಗಿಯೂ ಒಂದೇ. ಆದರೂ ಅವನು ಪುಸ್ತಕ ಮುಚ್ಚಿ ಕಿವಿಯವರೆಗೂ ಕೆಂಪಾದ. ಇಪ್ಪತ್ತೇಳರ ನಡುರಾತ್ರಿ, ಹನ್ನೆರಡು ನಲವತ್ತೈದಕ್ಕೆ, ಕಾಳು ಡುಬ್ಬವನ್ನು ಬಿಟ್ಟು ಮುಂದೆ ಹೋಗಿತ್ತು.

ಕೂಟಕ್ಕೆ ಸೇರುವವರಿಗೆ ಮೇಷ್ಟ್ರು ತಮ್ಮ ಕೈಯಾರೆ ಹೊಲಿದ ಒಂದು ಪುಸ್ತಕ ಕೊಡುತ್ತಿದ್ದರು. ಮೋಡದ ದಿನವೂ ಪುಟ ಬಿಡಬಾರದು, ತಾರೀಖು ಹಾಕಿ 'ಮೋಡ' ಎಂದು ಬರೆಯಬೇಕು. ಮೇಷ್ಟ್ರ ಪುಸ್ತಕದಲ್ಲಿ ಯುದ್ಧದ ಕೊನೆಯ ವರ್ಷದ ಒಂದು ಪುಟವಿದೆ, ಹೊಸಬರಿಗೆಲ್ಲ ತೋರಿಸುತ್ತಾರೆ. ಬಾಂಬು ಬಿದ್ದು ಅವರ ಮನೆಯಿದ್ದ ಬೀದಿ ಇಡೀ ಉರಿದುಹೋದ ರಾತ್ರಿಯ ಪುಟ. 'ಹೊಗೆ. ಕಾಣಲಿಲ್ಲ.' ಅಷ್ಟೇ ಇದೆ. ಅಂಥ ಪುಟ ತೋರಿಸಿ ಅವರು ಹೇಳುವ ಮಾತೂ ಒಂದೇ: ಒಂದು ಸಾಲು ಸುಳ್ಳಾದರೆ ಇಡೀ ಪುಸ್ತಕ ಸುಳ್ಳು. ಹಿಂದೆ ಚೀಬಾದ ಒಬ್ಬ ಅಂಚೆ ನೌಕರ ಎರಡು ದಿನದ ಹೊತ್ತನ್ನು ಅಂದಾಜಿನಲ್ಲಿ ತುಂಬಿದ್ದು ಗೊತ್ತಾಗಿ, ಅವನ ಒಂಬತ್ತು ವರ್ಷದ ಪುಸ್ತಕಗಳನ್ನು ಕೂಟದ ಲೆಕ್ಕದಿಂದ ತೆಗೆದುಹಾಕಿದರಂತೆ. ಆ ಅಂಚೆಯವನು ಆಮೇಲೆ ಆಕಾಶವನ್ನೇ ನೋಡಲಿಲ್ಲವಂತೆ. ಈ ಕಥೆ ಕೇಳಿದಾಗ ಇಸಾಮುವಿಗೆ ಹದಿನೆಂಟು ವರ್ಷ. ರೋಮಾಂಚನವಾಗಿತ್ತು. ಪ್ರಪಂಚದಲ್ಲಿ ಇಂಥ ಜನ ಇದ್ದಾರಲ್ಲ ಅನ್ನಿಸಿತ್ತು. ಈಗ ಆ ಹೊಗೆಯ ಪುಟವನ್ನು ನೆನೆದರೆ ಅಸಹನೆ ಉಕ್ಕುತ್ತದೆ. ಮನೆ ಉರಿಯುವಾಗ ಪೆನ್ಸಿಲು ಹುಡುಕಿದವನಿಗೆ ಬೇರೆಯವರ ನಿದ್ದೆ ಹೇಗೆ ಅರ್ಥವಾಗಬೇಕು?

ಟೀಗೆ ಬಿಟ್ಟರು. ಬಾರ್ಲಿ ಟೀ, ಮಳೆಗೆ ಮೆತ್ತಗಾದ ಅಕ್ಕಿ ಬಿಲ್ಲೆ. ಈಗ ಸಮಾಧಾನ ಮಾಡುವವರ ಸರದಿ. ಮೇಷ್ಟ್ರ ಕೈಲಿ ಬೈಸಿಕೊಳ್ಳುವುದೂ ಒಂದು ಯೋಗ ಎಂದು ಒಬ್ಬರು, ನಿಮ್ಮ ಕನ್ನಡಿ ಮಾತ್ರ ಬಹಳ ಚೆನ್ನಾಗಿದೆಯಂತೆ, ನನಗೂ ಒಂದು ಉಜ್ಜಿಕೊಡುತ್ತೀರಾ ಎಂದು ಇನ್ನೊಬ್ಬರು. ವಿಶ್ವವಿದ್ಯಾಲಯದ ಅರಿಗಾ ಎನ್ನುವ ಹುಡುಗ, ಇವನಷ್ಟೇ ವಯಸ್ಸು, ಮುಷ್ಕರದಿಂದ ಕಾಲೇಜು ಮುಚ್ಚಿ ವರ್ಷವಾದರೂ ಸಮವಸ್ತ್ರದ ಗುಂಡಿ ಮಾತ್ರ ಫಳಫಳ, ಪಕ್ಕಕ್ಕೆ ಜರುಗಿ ಕೂತು ಪಿಸುಗುಟ್ಟಿದ. "ಅಲೆ ಅಂದ್ಯಲ್ಲ, ಅದಕ್ಕೆ ಸಮೀಕರಣ ಇದೆಯೇನೋ? ಸಮೀಕರಣ ಇಲ್ದೆ ಅಲೆ ಅಂದ್ರೆ ಅದು ಹಾಡು ಕಣೋ." ಇಸಾಮು ಅಕ್ಕಿ ಬಿಲ್ಲೆಯನ್ನು ಬಾಯಿಗೆ ಇಟ್ಟುಕೊಂಡ. ಅದು ಕಟುಂ ಎನ್ನಲೂ ಇಲ್ಲ. ಈ ಮಳೆಗಾಲದಲ್ಲಿ ಒಂದು ಬಿಲ್ಲೆಗೂ ಮರ್ಯಾದೆಯಿಂದ ಮುರಿಯುವ ಯೋಗ್ಯತೆ ಇಲ್ಲ. ಚಳಿಗಾಲ ಪೂರ್ತಿ ಇವರೆಲ್ಲ ತಲೆ ಮೇಲಿನ ಗಾಳಿಗೆ ಶಾಪ ಹಾಕುತ್ತಾರೆ, ಜಪಾನಿನ ಮೇಲೆ ಹಾದುಹೋಗುವ ಆ ಬಿರುಗಾಳಿ ಬಿಂಬವನ್ನು ಕುದಿಯುವ ಗಂಜಿ ಮಾಡಿಬಿಡುತ್ತದೆಂದು. ಇಲ್ಲಿನ ಗಾಳಿಯ ಕೊಳಕು ಕಿಟಕಿಯಿಂದ ಅಲ್ಲಿನ ಗಾಳಿ ನೋಡುವ ಹದಿನೇಳು ಜನ. ಕಣ್ಣಿಗೆ ಬಿದ್ದದ್ದನ್ನೂ ನಂಬದ ಹದಿನೇಳು ಜನ. ಹೀಗೆ ಸಿಟ್ಟು ಮಾಡಿಕೊಳ್ಳುತ್ತಿದ್ದಂತೆ ಒಳಗೊಂದು ಸಣ್ಣ ದನಿ, ಕಣ್ಣಿಗೆ ಬೀಳದ್ದನ್ನು ಬರೆದ ಹದಿನೆಂಟನೆಯವನು ಯಾರು ಎಂದು ಕೇಳಿತು. ಸಿಟ್ಟಿಗೂ ಒಂದು ನೆಲೆ ಬಿಡುವುದಿಲ್ಲವಲ್ಲ ಈ ಹಾಳು ದನಿ.

ಎದ್ದು ಹೋಗಬಹುದಿತ್ತು. ಛತ್ರಿ ಕೆಳಗೆ ಇತ್ತು. ಆದರೆ ಎದ್ದರೆ ಕಾಲುಚೀಲ ಕಾಣುತ್ತದೆ, ಸೋತು ಹೋದ ಅನ್ನುತ್ತಾರೆ, ಮುಖ್ಯವಾಗಿ ಆ ನಕ್ಷೆ ಇನ್ನೂ ಮೇಷ್ಟ್ರ ಮಂಡಿಯ ಮುಂದೆ ಇದೆ. ಮತ್ತೆ ಎಲ್ಲರೂ ಸಾಲಾಗಿ ಕೂತರು. ಕೋಫುವಿನಲ್ಲಿ ಔಷಧಿ ಅಂಗಡಿ ಇಟ್ಟಿರುವ ನೆಗಿಶಿ ಕಿನುಎ ಎಂಬ ಐವತ್ತರ ಹೆಂಗಸು, ರೈಲು ತಡವಾಗಿ ಆಗಷ್ಟೇ ಬಂದವರು, ಒದ್ದೆ ಕೂದಲನ್ನು ಕರವಸ್ತ್ರದಲ್ಲಿ ಒತ್ತುತ್ತ ಎಲ್ಲರಿಗೂ ಬಗ್ಗಿ ಬಗ್ಗಿ ಕ್ಷಮೆ ಕೇಳಿದರು. ತಮ್ಮ ಚಿತ್ರದ ಪುಸ್ತಕ ಬಿಚ್ಚಿ ಮೇಷ್ಟ್ರ ಮುಂದಿಟ್ಟರು. ಆಕೆ ನಡುಗೆರೆಯ ಹೊತ್ತು ಹಿಡಿಯುವುದಕ್ಕಿಂತ ಚಿತ್ರ ಬರೆಯುವುದರಲ್ಲಿ ಹೆಸರಾದವರು. ಪುಡಿ ತೂಗುವ ಕೈ, ಕೂದಲೆಳೆ ತಪ್ಪುವುದಿಲ್ಲ ಎಂದು ಮೇಷ್ಟ್ರೇ ಹೊಗಳುತ್ತಿದ್ದರು. ಮೇಷ್ಟ್ರು ಪುಟ ತಿರುಗಿಸುತ್ತ ಹೋದರು. ಒಂದು ಪುಟದಲ್ಲಿ ನಿಂತರು. ಕನ್ನಡಕ ತೆಗೆದು ಪುಟವನ್ನು ಮೂಗಿನ ಹತ್ತಿರ ತಂದರು. ಆಮೇಲೆ ಇಸಾಮುವಿನ ನಕ್ಷೆಯನ್ನು ಎಳೆದು ಅದರ ಪಕ್ಕದಲ್ಲಿಟ್ಟರು. ಇಸಾಮುವಿಗೆ ಕೂತಲ್ಲಿಂದಲೇ ಕಂಡಿತು: ನೀಲಿಗಪ್ಪು ಡುಬ್ಬ, ಅದರ ಹೊಟ್ಟೆಯೊಳಗೆ ಕಾಗದವನ್ನು ಖಾಲಿ ಬಿಟ್ಟು ಮೂಡಿಸಿದ ಒಂದು ಬಿಳಿ ನುಚ್ಚು.

ಇದೇನು ಎಂದು ಮೇಷ್ಟ್ರು ಕೇಳಿದರು. ನೆಗಿಶಿಯವರು ಅದೇನು ಮಹಾ ಎನ್ನುವ ಹಾಗೆ ಹೇಳಿದರು: ಏಪ್ರಿಲ್ ಇಪ್ಪತ್ಮೂರು, ಕೋಫುವಿನಲ್ಲಿ ಅವತ್ತು ಗಾಳಿ ಬಹಳ ಶಾಂತವಿತ್ತು, ಡುಬ್ಬದೊಳಗೆ ಏನೋ ಬಿಳಿಯದು ಕಂಡಿತು, ಸಿಕ್ಕಿಕೊಂಡ ಅಕ್ಕಿಕಾಳಿನ ಹಾಗೆ. ಹತ್ತು ನಲವತ್ನಾಲ್ಕಕ್ಕೆ ನಡುವಿಗೆ ಬಂತೆಂದು ಅಂಚಿನಲ್ಲಿ ಬರೆದಿದ್ದೇನೆ. ತಪ್ಪಿದ್ದರೆ ಕ್ಷಮಿಸಬೇಕು, ನನ್ನ ಗಡಿಯಾರ ಅಷ್ಟು ಸರಿಯಿಲ್ಲ.

ಒಂದು ನಿಮಿಷದ ವ್ಯತ್ಯಾಸ. ಇಸಾಮುವಿಗೆ ಮೊದಲು ಬಂದದ್ದು ಸಂತೋಷ. ಬರಿ ಸಂತೋಷ, ಎದೆ ಒಡೆದುಹೋಗುವಂಥದ್ದು. ಇತ್ತು. ಅದು ಅಲ್ಲೇ ಇತ್ತು. ತಾನು ಕಣ್ಣು ಮುಚ್ಚಿ ಗೋಡೆ ಕಡೆ ತಿರುಗಿ ಮಲಗಿದ್ದಾಗ ಅದು ತನ್ನ ಪಾಡಿಗೆ ತಾನು ಆ ಅಲೆಯೊಳಗೆ ತೂರುತ್ತಿತ್ತು, ಇತಾಬಾಶಿಯ ಯಾವನೋ ಒಬ್ಬ ನೋಡಲಿ ಬಿಡಲಿ. ಅದರ ಹಿಂದೆಯೇ ಇನ್ನೊಂದು ಬಂತು. ಆಕೆಗೆ ಕಂಡಿತು, ತನಗೆ ಕಾಣಲಿಲ್ಲ. ಆಕೆಯ ಆ ಖಾಲಿ ಬಿಟ್ಟ ಕಾಗದದಷ್ಟು ಬೆಲೆಯೂ ತನ್ನ ಚುಕ್ಕಿಗೆ ಇಲ್ಲ.

ಮುನಕಾತಾ ಮೇಷ್ಟ್ರು ಎದ್ದುನಿಂತರು. ಎಪ್ಪತ್ತು ದಾಟಿದ ಮಂಡಿ, ಎರಡು ಸಲ ನೆಲಕ್ಕೆ ಕೈ ಊರಿ ಎದ್ದರು. ಎಲ್ಲರೂ ಕೇಳುವಂತೆ ಹೇಳಿದರು, ನಾನು ಇವತ್ತು ಇವನಿಗೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಇಬ್ಬರು ಬೇರೆ ಬೇರೆ ಊರಿನಲ್ಲಿ ಒಂದು ನಿಮಿಷದ ಅಂತರದಲ್ಲಿ ಒಂದೇ ಕಡೆ ಕಂಡದ್ದು ಸುಳ್ಳಾಗಲಾರದು. ಮೂವತ್ತೊಂದು ವರ್ಷ ನಾನು ಏನು ಅಳೆಯುತ್ತಿದ್ದೆ ಎಂದು ಇನ್ನು ಮೊದಲಿಂದ ಯೋಚಿಸಬೇಕು. ಹೇಳುವಾಗ ಅವರ ಕೆಳತುಟಿ ಒಂದು ಕಡೆ ಎಳೆಯಿತು. ಆಮೇಲೆ ಇಸಾಮುವಿನ ಕಡೆ ತಿರುಗಿ ಬಗ್ಗಿದರು. ಪೂರ್ತಿ ಸೊಂಟ ಮುರಿದು, ಬಿಳಿ ನೆತ್ತಿ ಕಾಣುವ ಹಾಗೆ. ಹದಿನೆಂಟು ಜನರ ಎದುರು ಒಬ್ಬ ಮುದುಕ ಮಸೂರ ಉಜ್ಜುವವನಿಗೆ ಬಗ್ಗಿದ. ಬೈಗುಳ ಇದಕ್ಕಿಂತ ಹಗುರವಾಗಿತ್ತು. ಏಳಿ, ದಯವಿಟ್ಟು ಏಳಿ, ಯಾರಿಗೆ ಬಗ್ಗುತ್ತಿದ್ದೀರಿ ಎಂದು ಅವನ ಗಂಟಲೊಳಗೆ ಯಾರೋ ಕಿರುಚುತ್ತಿದ್ದರು.

"ಅಚ್ಚಿಗೆ ಕಳಿಸೋ ಮುಂಚೆ ಪದ್ಧತಿ ಪ್ರಕಾರ ಕೇಳಬೇಕು, ಕೇಳ್ತೀನಿ," ಅಂದರು ಮೇಷ್ಟ್ರು, ಸಾವರಿಸಿಕೊಂಡು. ಬೆರಳು ಆ ಒಂಟಿ ಚುಕ್ಕಿಯ ಮೇಲಿತ್ತು. "ಒಯಿಕಾವಾ, ಇಪ್ಪತ್ಮೂರನೇ ತಾರೀಖು ಇದನ್ನ ನೀನೇ, ನಿನ್ನ ಕಣ್ಣಾರೆ ನೋಡಿದ್ದು ತಾನೆ?"

ಹದಿನೆಂಟು ತಲೆ ಅವನ ಕಡೆ ತಿರುಗಿದವು. ಆಗಲೇ ತಲೆದೂಗಲು ತಯಾರಾಗಿದ್ದ ತಲೆಗಳು. ಅರಿಗಾ ಸಹ ಬಾಯಿ ಅರೆ ತೆರೆದು ಕಾಯುತ್ತಿದ್ದ. ಹೂಂ ಎಂದರೆ ಮುಗಿಯಿತು, ಅಲೆ ಅಲೆಯಾಗಿ ಅಚ್ಚಾಗುತ್ತದೆ, ಅದೂ ಅವನ ಹೆಸರಿನ ಕೆಳಗೆ. ಅಚ್ಚಾದದ್ದು ನಿಜವೇ ಆಗಿರುತ್ತದೆ. ಇಲ್ಲ ಎಂದರೆ ಪುಸ್ತಕವೇ ಸುಳ್ಳು, ಅಂಚೆಯವನ ಹಾಗೆ. ಹದಿನೇಳು, ಹತ್ತೊಂಬತ್ತು, ಇಪ್ಪತ್ತೊಂದು, ಇಪ್ಪತ್ತೈದು, ಇಪ್ಪತ್ತೇಳು, ಕಣ್ಣಿನಲ್ಲಿ ನೀರು ಬರುವವರೆಗೂ ನೋಡಿದ ಐದೂ ರಾತ್ರಿ ಕಸದ ಬುಟ್ಟಿಗೆ. ನೆಗಿಶಿಯವರ ಒಂದು ಬಿಳಿ ನುಚ್ಚು ಹಿಂದೂ ಇಲ್ಲದೆ ಮುಂದೂ ಇಲ್ಲದೆ ಪುಸ್ತಕದಲ್ಲಿ ಒಂಟಿಯಾಗಿ ಬಿದ್ದಿರುತ್ತದೆ, ಗಾಳಿ ಮತ್ತೆ ಮುದ್ದೆ ಹೊರುತ್ತದೆ. ಎಂಥ ಜನ ಇವರು, ಎಂಥ ಪದ್ಧತಿ. ಐದು ನಿಜ ಹೇಳಿದಾಗ ಬೆರಳು ಕೆಂಪಗಿದೆ ಅಂದರು. ಈಗ ಇರುವ ಒಂದೇ ಸುಳ್ಳಿನ ಮೇಲೆ ಬೆರಳಿಟ್ಟು ಬಗ್ಗಿ ನಮಸ್ಕಾರ ಮಾಡುತ್ತಿದ್ದಾರೆ. ಹದಿನೇಳನೇ ತಾರೀಖು ನೋಡಿದೆಯಾ ಎಂದು ಯಾಕೆ ಕೇಳಬಾರದು? ಇಪ್ಪತ್ತೊಂದು ನೋಡಿದೆಯಾ ಎಂದು ಯಾಕೆ ಕೇಳಬಾರದು? ಕೋಣೆ ಅದುರುವ ಹಾಗೆ ಹೂಂ ಅನ್ನುತ್ತಿದ್ದೆನಲ್ಲ.

"ಹೇಳಯ್ಯ," ಅಂದರು ಮೇಷ್ಟ್ರು. ದನಿಯಲ್ಲಿ ಈಗ ಒಂದು ಬೇಡಿಕೆಯೂ ಇತ್ತು. ಅವರಿಗೂ ಆ ಹೂಂ ಬೇಕಾಗಿತ್ತು. "ಉದ್ದ ಏನೂ ಬೇಡ. ಹೂಂ ಅನ್ನು, ಸಾಕು."

ನೆಗಿಶಿಯವರು ಅವನನ್ನು ನೋಡಿ ನಕ್ಕರು, ಹೇಳಪ್ಪ ಎನ್ನುವ ಹಾಗೆ.

ಇಸಾಮು ಎದ್ದ. ಮಂಡಿ ಜೋಮು ಹಿಡಿದು ಒಂದು ಹೆಜ್ಜೆ ತತ್ತರಿಸಿತು, ಪಕ್ಕದವರು ಕೈ ಚಾಚಿದರು, ಹಿಡಿಯಲಿಲ್ಲ. ಮಾತಾಡಲು ಎದ್ದನೆಂದು ಎಲ್ಲರೂ ಸ್ವಲ್ಪ ಹಿಂದೆ ಸರಿದು ಜಾಗ ಮಾಡಿದರು. ಆ ಜಾಗದಲ್ಲೇ ಅವನು ನಡೆದ. ತನ್ನ ಪುಸ್ತಕ ಮೇಷ್ಟ್ರ ಮುಂದೆಯೇ ಇತ್ತು, ತೆಗೆದುಕೊಳ್ಳಲಿಲ್ಲ. ಹಿಂದಿನಿಂದ ಮೇಷ್ಟ್ರು ಒಯಿಕಾವಾ ಎಂದು ಕರೆದರು, ಆಮೇಲೆ ಇನ್ನೂ ಮೆಲ್ಲಗೆ ಇನ್ನೊಮ್ಮೆ ಕರೆದರು. ಅವನು ಕಾಗದದ ಬಾಗಿಲು ಸರಿಸಿ ಹೊರಬಂದ, ಬಾಗಿಲನ್ನು ಎಳೆದ, ಮೆಟ್ಟಿಲಿಳಿದ. ಮೇಲಿದ್ದವರು ಅವನು ಉತ್ತರಿಸುತ್ತಾನೆಂದು ಇನ್ನೂ ಕಾಯುತ್ತಿದ್ದರೋ ಏನೋ. ಶೂ ಹಾಕಿಕೊಂಡು ಅವನು ಮಳೆಗೆ ಇಳಿದು ಹೋದ.